ಹಳೆಯ ಕಾರಿನಲ್ಲಿ ಎಣ್ಣೆಯ ಒತ್ತಡ ಕುಸಿದಾಗ: ಪತ್ತೆ, ದುರಸ್ತಿ ಮತ್ತು ಖರ್ಚಿನ ಲೆಕ್ಕ

ಇಪ್ಪತ್ತು ಮೂವತ್ತು ವರ್ಷಗಳಷ್ಟು ಹಳೆಯದಾದ ಕಾರನ್ನು ಅಂಗಡಿಯ ಅಥವಾ ಕಾರ್ಖಾನೆಯ ಹೆಸರಿನಲ್ಲಿಯೇ ಉಳಿಸಿಕೊಂಡು ಬಂದಿರುವ ಉದ್ಯಮಿಗಳು ಇಂದಿಗೂ ಇದ್ದಾರೆ. ಇಂತಹ ಕಾರುಗಳಲ್ಲಿ ಅಂಬಾಸಿಡರ್‌ಗೆ ವಿಶೇಷ ಸ್ಥಾನವಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರ ಮೇ ತಿಂಗಳಿನಲ್ಲಿ ನಿಂತುಹೋದರೂ ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಇನ್ನೂ ಉಳಿದಿದ್ದಾರೆ. ಈ ಹಳೆಯ ಎಂಜಿನ್‌ಗಳಿಗೆ ಬರುವ ತೊಂದರೆಗಳ ಪೈಕಿ ಎಣ್ಣೆಯ ಒತ್ತಡದ ಕುಸಿತವು ಉಳಿದವುಗಳಂತಲ್ಲ. ಕ್ಲಚ್ ಜಾರುತ್ತಿದ್ದರೂ ಸೈಲೆನ್ಸರ್ ಒಡೆದಿದ್ದರೂ ವಾಹನವನ್ನು ಹೇಗೋ ಊರು ಮುಟ್ಟಿಸಬಹುದು. ಒತ್ತಡವಿಲ್ಲದ ಎಂಜಿನ್ನನ್ನು ಎರಡು ಕಿಲೋಮೀಟರು ಓಡಿಸಿದರೂ, ಒಂದು ಸ್ಪ್ರಿಂಗಿನ ಬೆಲೆಯಲ್ಲಿ ಮುಗಿಯುತ್ತಿದ್ದ ಕೆಲಸ ಕ್ರ್ಯಾಂಕ್‌ಶಾಫ್ಟಿನ ಬೆಲೆಗೆ ಏರಬಹುದು. ಆದುದರಿಂದ ಕೆಂಪು ದೀಪ ಹೊತ್ತಿದ ಕ್ಷಣದಲ್ಲಿಯೇ ಎಂಜಿನ್ನನ್ನು ನಿಲ್ಲಿಸಿ, ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ತರುವುದೇ ಮೊದಲ ಕೆಲಸ.

ಒತ್ತಡ ಹುಟ್ಟುವ ಬಗೆ

ಒತ್ತಡವನ್ನು ಪಂಪು ತಯಾರಿಸುತ್ತದೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಪಂಪು ಒದಗಿಸುವುದು ಎಣ್ಣೆಯ ಪ್ರಮಾಣವನ್ನು ಮಾತ್ರ. ಆ ಎಣ್ಣೆ ಬೇರಿಂಗುಗಳ ಕಿರಿದಾದ ಸಂದುಗಳಿಂದ ಹೊರಬರಲು ತಡೆಯುಂಟಾದಾಗ ಒತ್ತಡ ಏರುತ್ತದೆ. ಸಂದು ಹಿಗ್ಗಿದರೆ ತಡೆ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಹಿಗ್ಗುವಿಕೆಯ ಪರಿಣಾಮ ಸಮಪ್ರಮಾಣದಲ್ಲಿ ಇರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂತಹ ಸಂದಿನಲ್ಲಿ ಸೋರಿಕೆಯು ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲ ಎರಡರಷ್ಟಾದರೆ ಅದೇ ಒತ್ತಡದಲ್ಲಿ ಸೋರಿಕೆ ಸುಮಾರು ಎಂಟರಷ್ಟಾಗುತ್ತದೆ. ವರ್ಷಗಟ್ಟಲೆ ನೆಟ್ಟಗಿದ್ದ ಒತ್ತಡ ಕೊನೆಯ ಕೆಲವೇ ತಿಂಗಳುಗಳಲ್ಲಿ ಬೇಗ ಬೇಗನೆ ಇಳಿಯುವುದು ಈ ಕಾರಣದಿಂದಲೇ.

ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ, ಅದು ಚೆನ್ನಾಗಿ ಬಿಸಿಯಾದ ಮೇಲೆ, ಸಾಧಾರಣ ವೇಗದ ಓಟದಲ್ಲಿ ಚದರ ಅಂಗುಲಕ್ಕೆ ಸುಮಾರು 50 ಪೌಂಡ್ ಮತ್ತು ಐಡ್ಲಿಂಗ್‌ನಲ್ಲಿ 15 ಪೌಂಡಿನ ಆಸುಪಾಸು ಒತ್ತಡವಿದ್ದರೆ ಆರೋಗ್ಯ ಸರಿಯಿದೆಯೆಂದು ಭಾವಿಸಬಹುದು. ಇತರ ಎಂಜಿನ್‌ಗಳ ಅಂಕಿಗಳನ್ನು ಆಯಾ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು.

ಮೊದಲು ಮಾಪಕದ ಪರೀಕ್ಷೆ

ತಕ್ಕಡಿಯನ್ನೇ ಪರೀಕ್ಷಿಸದೆ ಸರಕು ಕಡಿಮೆಯಾಗಿದೆ ಎಂದು ದೂರುವ ವ್ಯಾಪಾರಿ ಇಲ್ಲ. ಆದರೆ ಗ್ಯಾರೇಜಿನಲ್ಲಿ ಅದೇ ವ್ಯಾಪಾರಿ ಡ್ಯಾಶ್‌ಬೋರ್ಡಿನ ದೀಪವೊಂದನ್ನು ನಂಬಿ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಟ್ಟುಬಿಡುತ್ತಾನೆ. ದೀಪವನ್ನು ಹೊತ್ತಿಸುವ ಪ್ರೆಶರ್ ಸ್ವಿಚ್ ಸಾಮಾನ್ಯವಾಗಿ 4ರಿಂದ 7 ಪೌಂಡ್‌ಗಳಷ್ಟು ಕೆಳಗಿನ ಮಟ್ಟದಲ್ಲಿ ಕೆಲಸ ಮಾಡುವಂಥದು. ಸ್ವಿಚ್ ಕೆಟ್ಟಿದ್ದರೆ ಒತ್ತಡ ಸರಿಯಿದ್ದಾಗಲೂ ದೀಪ ಉರಿಯಬಹುದು. ಸ್ವಿಚ್ ಸರಿಯಿದ್ದು ದೀಪ ಆರಿದ್ದರೂ ಒತ್ತಡ 10 ಪೌಂಡ್ ಮಾತ್ರ ಇರಬಹುದು. ಆದುದರಿಂದ ಸ್ವಿಚ್ಚನ್ನು ಅಥವಾ ಮಾಪಕದ ನಳಿಕೆಯನ್ನು ಬಿಚ್ಚಿ, ಆ ಜಾಗದಲ್ಲಿ ಖಚಿತವಾದ ಯಾಂತ್ರಿಕ ಗೇಜೊಂದನ್ನು ಕೂರಿಸಿ ಅಳೆಸಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಮುನ್ನ ಯಾವ ಅಂದಾಜುಪಟ್ಟಿಗೂ ಮಾಲೀಕರು ಸಹಿ ಹಾಕದಿರುವುದು ಒಳಿತು.

ಗೇಜು ಕೂರಿಸಿ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ಕನ್ನು ತೆಗೆದು ನೋಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಮಟ್ಟ ಕಡಿಮೆಯಿರುವುದಷ್ಟೇ ದೋಷವಲ್ಲ, ಮಟ್ಟ ತಾನಾಗಿ ಏರಿರುವುದೂ ದೋಷವೇ. ಕ್ಯಾಮ್‌ಶಾಫ್ಟಿನಿಂದ ನಡೆಯುವ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲು ಸಂಪಿಗೆ ಇಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್ಕನ್ನು ಮೂಸಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೂ, ಹೆಡ್ ಗ್ಯಾಸ್ಕೆಟ್ಟನ್ನು ಪರೀಕ್ಷಿಸಬೇಕೆಂದೂ ತಿಳಿಯಬೇಕು. ಈ ಎರಡು ಸಂದರ್ಭಗಳಲ್ಲಿಯೂ ಮೂಲ ದೋಷವನ್ನು ಸರಿಪಡಿಸಿ ಹೊಸ ಎಣ್ಣೆ ಹಾಕುವವರೆಗೆ ಎಂಜಿನ್ನನ್ನು ಚಾಲೂ ಮಾಡಬಾರದು.

ಇಷ್ಟಾದ ಮೇಲೆ ಗೇಜಿನ ಅಂಕಿಗಳೇ ದಾರಿ ತೋರಿಸುತ್ತವೆ. ತಣ್ಣಗಿರುವಾಗ ಒತ್ತಡ ಚೆನ್ನಾಗಿದ್ದು ಬಿಸಿಯಾದಂತೆ ಇಳಿಯುತ್ತಿದ್ದರೆ ಬೇರಿಂಗ್ ಸವೆತ ಅಥವಾ ತೀರಾ ತೆಳುವಾದ ಎಣ್ಣೆಯ ಕಡೆಗೆ ಅನುಮಾನ ಹೋಗಬೇಕು. ತಣ್ಣಗಿದ್ದಾಗಲೂ ಕಡಿಮೆಯಿದ್ದರೆ ರಿಲೀಫ್ ವಾಲ್ವ್, ಪಂಪು ಅಥವಾ ಸಂಪಿನೊಳಗಿನ ಜಾಲರಿಯನ್ನು ನೋಡಬೇಕು. ತಿರುವಿನಲ್ಲಿ ಮುಳ್ಳು ಬಿದ್ದು ಮತ್ತೆ ಏರುತ್ತಿದ್ದರೆ ಎಣ್ಣೆಯ ಮಟ್ಟ ಕಡಿಮೆಯಿದೆ, ಇಲ್ಲವೆ ಹೀರುವ ಕೊಳವೆಯಲ್ಲಿ ಗಾಳಿ ಸೇರುತ್ತಿದೆ.

ಅಗ್ಗದಿಂದ ದುಬಾರಿಯ ಕಡೆಗೆ

ಈ 1489 ಸಿಸಿ ಎಂಜಿನ್ನಿನ ವಿನ್ಯಾಸಕಾರರು ಮಾಡಿದ ಒಂದು ಉಪಕಾರವೆಂದರೆ ರಿಲೀಫ್ ವಾಲ್ವನ್ನು ಬ್ಲಾಕಿನ ಹೊರಬದಿಯಿಂದಲೇ ತೆಗೆಯುವಂತೆ ಇಟ್ಟಿರುವುದು. ಗುಮ್ಮಟದಂತಿರುವ ಷಟ್ಕೋನದ ನಟ್ಟೊಂದನ್ನು ತಿರುಗಿಸಿದರೆ ಸ್ಪ್ರಿಂಗೂ ವಾಲ್ವೂ ಕೈಗೆ ಬರುತ್ತವೆ. ವಾಲ್ವಿನ ಕೆಳಗೆ ಮಸಿಯ ಕಣವೊಂದು ಸಿಕ್ಕಿಕೊಂಡು ಅದು ತೆರೆದೇ ಉಳಿದಿದ್ದರೆ ಎಣ್ಣೆ ಬೇರಿಂಗುಗಳಿಗೆ ಹೋಗುವ ಬದಲು ನೇರವಾಗಿ ಸಂಪಿಗೆ ಮರಳುತ್ತದೆ. ಅದನ್ನು ತೊಳೆದು, ಕೂರುವ ಜಾಗವನ್ನು ಪರೀಕ್ಷಿಸಿ, ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿಟ್ಟು ಉದ್ದವನ್ನು ಹೋಲಿಸಬೇಕು. ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಒತ್ತಡ ‘ಹೆಚ್ಚಿಸುವ’ ಅಭ್ಯಾಸ ಕೆಲವು ಕಡೆ ಇದೆ. ಅದರಿಂದ ಏರುವುದು ಒತ್ತಡದ ಮೇಲಿನ ಮಿತಿ ಮಾತ್ರ. ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ ವಾಲ್ವ್ ಹೇಗೂ ಮುಚ್ಚಿಯೇ ಇರಬೇಕಾದುದರಿಂದ ಅಲ್ಲಿನ ಕೊರತೆಯನ್ನು ವಾಷರ್ ತುಂಬಲಾರದು.

ಮುಂದಿನ ಹಂತ ಸಂಪನ್ನು ಇಳಿಸುವುದು. ಹಳೆಯ ಎಂಜಿನ್ನಿನಲ್ಲಿ ಜಾಲರಿಯ ಮೇಲೆ ಕೆಸರಿನಂತಹ ಮಡ್ಡಿ ಕಟ್ಟಿರುವುದು ಸಾಮಾನ್ಯ. ವರ್ಷಗಟ್ಟಲೆ ಎಣ್ಣೆ ಬದಲಿಸದ ಎಂಜಿನ್ನಿಗೆ ಫ್ಲಶಿಂಗ್ ಆಯಿಲ್ ಹಾಕಿ ತೊಳೆದಾಗ ಸಡಿಲವಾದ ಮಡ್ಡಿಯೇ ಜಾಲರಿಯನ್ನು ಮುಚ್ಚಿ, ಇಲ್ಲದ ತೊಂದರೆಯನ್ನು ತಂದೊಡ್ಡುವುದುಂಟು. ಸಂಪು ಇಳಿದಾಗ ಪಂಪೂ ಕೈಗೆ ಸಿಗುತ್ತದೆ. ಅದರ ರೋಟರುಗಳ ಮುಖಕ್ಕೂ ಮುಚ್ಚಳಕ್ಕೂ ನಡುವಿನ ಸಂದು ಸುಮಾರು 0.005 ಅಂಗುಲವನ್ನು ಮೀರಿರಬಾರದು. ಮುಚ್ಚಳದಲ್ಲಿ ಗೀರುಗಳಿದ್ದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆಯಿಟ್ಟು ಉಜ್ಜಿ ಸಮತಟ್ಟು ಮಾಡಬಹುದು; ರೋಟರುಗಳೇ ಸವೆದಿದ್ದರೆ ಹೊಸ ಪಂಪು ಹಾಕುವುದು ಲೇಸು. ಮರಳಿ ಕೂರಿಸುವಾಗ ಪಂಪಿನೊಳಗೆ ಎಣ್ಣೆ ತುಂಬಿರಬೇಕು. ಖಾಲಿ ಪಂಪು ಎಣ್ಣೆಯನ್ನು ಎಳೆದುಕೊಳ್ಳುವಷ್ಟರಲ್ಲಿ ಹೊಸ ಬೇರಿಂಗುಗಳು ಒಣಗಿ ತಿರುಗಿರುತ್ತವೆ.

ಸಂಪು ಇಳಿದಿರುವಾಗಲೇ ಒಂದೆರಡು ಬಿಗ್ ಎಂಡ್ ಕ್ಯಾಪುಗಳನ್ನು ತೆಗೆಸಿ ಬೇರಿಂಗ್ ಶೆಲ್‌ಗಳನ್ನು ಮಾಲೀಕರು ಕಣ್ಣಾರೆ ನೋಡಬೇಕು. ಮೇಲ್ಪದರದ ಬೂದುಬಣ್ಣ ಸವೆದು ತಾಮ್ರದ ಬಣ್ಣ ಇಣುಕುತ್ತಿದ್ದರೆ ಬದಲಿಸುವ ಕಾಲ ಬಂದಿದೆ. ಶಾಫ್ಟು ನಯವಾಗಿದ್ದು ಮೈಕ್ರೋಮೀಟರಿನಲ್ಲಿ ದುಂಡಗಿರುವುದು ಖಚಿತವಾದರೆ ಎಂಜಿನ್ನನ್ನು ಇಳಿಸದೆಯೇ ಬಿಗ್ ಎಂಡ್ ಶೆಲ್‌ಗಳನ್ನು ಬದಲಿಸಬಹುದು. ಗೀರುಬಿದ್ದಿದ್ದರೆ ಕ್ರ್ಯಾಂಕ್ ಗ್ರೈಂಡಿಂಗ್ ಅನಿವಾರ್ಯ. 10, 20, 30 ಥೌ ಹೀಗೆ ಹಂತಹಂತವಾಗಿ ಕಡೆದು, ಅದೇ ಅಳತೆಯ ಶೆಲ್‌ಗಳನ್ನು ಹಾಕುತ್ತಾರೆ. ಹಿಂದೆ ಎಷ್ಟು ಬಾರಿ ಗ್ರೈಂಡಿಂಗ್ ಆಗಿದೆಯೆಂಬುದು ಹಳೆಯ ಶೆಲ್ಲಿನ ಬೆನ್ನಿನ ಮೇಲಿರುವ ಅಂಕಿಯಿಂದ ತಿಳಿಯುತ್ತದೆ. ಬೇರಿಂಗ್ ಕ್ಯಾಪನ್ನು ಅರದಿಂದ ಉಜ್ಜಿ ಸಂದು ಕಡಿಮೆ ಮಾಡುವ ಕೆಲಸಕ್ಕೆ ಮಾತ್ರ ಎಂದಿಗೂ ಒಪ್ಪಬಾರದು. ಅದರಿಂದ ರಂಧ್ರದ ದುಂಡುತನ ಕೆಡುತ್ತದೆ, ಮುಂದೆ ಸರಿಯಾದ ಶೆಲ್ ಹಾಕಿದರೂ ಕೂರುವುದಿಲ್ಲ.

ಇನ್ನು ದಪ್ಪ ಎಣ್ಣೆಯ ವಿಚಾರ. 20ಡಬ್ಲ್ಯೂ-50 ದರ್ಜೆಯ ಎಣ್ಣೆ ಈ ಹಳೆಯ ಎಂಜಿನ್‌ಗಳಿಗೆ ಹೊಂದುತ್ತದೆ. ಅದಕ್ಕಿಂತಲೂ ಮಂದವಾದುದನ್ನೋ ಡಬ್ಬಿಯಲ್ಲಿ ಬರುವ ಮಂದಕಾರಕವನ್ನೋ ಸುರಿದರೆ ಮುಳ್ಳು ಏರುವುದು ನಿಜ. ಅದು ವರ್ಷಾಂತ್ಯದ ಮುನ್ನಾದಿನ ಸಾಲ ತಂದು ಬ್ಯಾಂಕಿನ ಶಿಲ್ಕನ್ನು ಹೆಚ್ಚಾಗಿ ತೋರಿಸಿದಂತೆ. ಸವೆತ ಹಾಗೆಯೇ ಉಳಿಯುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಎಣ್ಣೆ ಬೇರಿಂಗುಗಳನ್ನು ತಲುಪುವುದೂ ತಡವಾಗುತ್ತದೆ. ಕಾರನ್ನು ಮಾರುವವರು ಈ ಉಪಾಯ ಹೂಡುವುದುಂಟೆಂದು ಕೊಳ್ಳುವವರು ನೆನಪಿಡಬೇಕು.

ಖರ್ಚಿನ ಲೆಕ್ಕ

ಇಳಿಕೆ ಮೌಲ್ಯ ಪದ್ಧತಿಯಲ್ಲಿ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆದರೆ 20 ವರ್ಷಗಳ ಬಳಿಕ ಕಾರಿನ ಪುಸ್ತಕ ಮೌಲ್ಯ ಮೂಲಬೆಲೆಯ ಸುಮಾರು ಶೇ. 4ರಷ್ಟಕ್ಕೆ ಇಳಿದಿರುತ್ತದೆ. ನಾಲ್ಕು ಲಕ್ಷದ ಕಾರು ಹದಿನಾರು ಸಾವಿರಕ್ಕಿಂತ ಕಡಿಮೆ. ಗ್ರೈಂಡಿಂಗ್‌ವರೆಗೆ ಹೋದ ದುರಸ್ತಿಯ ಬಿಲ್ಲು ಇದನ್ನು ಸುಲಭವಾಗಿ ಮೀರಬಹುದು. ಹಾಗೆಂದು ದುರಸ್ತಿ ವ್ಯರ್ಥವೆನ್ನಲಾಗದು. ಹೋಲಿಕೆ ಮಾಡಬೇಕಾದುದು ಪುಸ್ತಕ ಮೌಲ್ಯದೊಡನೆ ಅಲ್ಲ, ಅದೇ ಕೆಲಸಕ್ಕೆ ಬೇಕಾಗುವ ಬೇರೊಂದು ವಾಹನದ ಬೆಲೆಯೊಡನೆ.

ಪಂಪು, ಶೆಲ್, ಗ್ರೈಂಡಿಂಗ್‌ಗಳಂತಹ ಖರ್ಚು ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ದುರಸ್ತಿಯ ಸ್ವರೂಪದ್ದು. ಇಡೀ ಎಂಜಿನ್ನನ್ನೇ ಬದಲಿಸಿದಾಗ ಅದು ಬಂಡವಾಳ ವೆಚ್ಚವೇ ಎಂಬ ಪ್ರಶ್ನೆ ಏಳಬಹುದು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನಷ್ಟಕ್ಕೇ ಒಂದು ಯಂತ್ರವೆನಿಸಿದ ರಿಂಗ್ ಫ್ರೇಮನ್ನು ಪೂರ್ತಿ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಿತ್ತಿತ್ತು. ಕಾರಿನ ಎಂಜಿನ್ ಬಿಡಿಭಾಗವೆಂದು ವಾದಿಸಲು ಅವಕಾಶವಿದ್ದರೂ ಬಿಲ್ಲಿನಲ್ಲಿ ‘ಎಂಜಿನ್ ಕೆಲಸ’ ಎಂಬ ಒಂದೇ ಸಾಲಿರುವುದು ಯಾರಿಗೂ ನೆರವಾಗದು; ಭಾಗಗಳನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಬ್ಲಾಕ್ ಬದಲಾದರೆ ಎಂಜಿನ್ ಸಂಖ್ಯೆಯೂ ಬದಲಾಗುವುದರಿಂದ ನೋಂದಣಿ ಪತ್ರದಲ್ಲಿಯೂ ವಿಮಾ ಪಾಲಿಸಿಯಲ್ಲಿಯೂ ಅದು ದಾಖಲಾಗಬೇಕು.

ದುರಸ್ತಿಯ ಬಿಲ್ಲಿನಲ್ಲಿರುವ ಜಿಎಸ್‌ಟಿಯನ್ನು ಹಲವರು ವಾಪಸು ಬರುವ ಹಣವೆಂದು ಎಣಿಸುತ್ತಾರೆ. ಚಾಲಕನೂ ಸೇರಿ ಹದಿಮೂರು ಜನರವರೆಗಿನ ಆಸನಗಳಿರುವ ಪ್ರಯಾಣಿಕ ವಾಹನಗಳ ದುರಸ್ತಿಗೆ, ವಾಹನ ಮಾರಾಟ, ಪ್ರಯಾಣಿಕ ಸಾಗಣೆ, ಚಾಲನಾ ತರಬೇತಿಗಳಂತಹ ಕೆಲವು ವ್ಯವಹಾರಗಳ ಹೊರತು, ಹೂಡುವಳಿ ತೆರಿಗೆಯ ಜಮೆ ದೊರೆಯದು. ಆದುದರಿಂದ ಅಂದಾಜುಪಟ್ಟಿಗಳನ್ನು ಹೋಲಿಸುವಾಗ ತೆರಿಗೆ ಸೇರಿಸಿದ ಮೊತ್ತವನ್ನೇ ಹಿಡಿಯಬೇಕು. ಅದೇ ಬಿಲ್ಲಿನ ಕೆಳಗೆ ದುರಸ್ತಿಗೆ ಮುನ್ನ ಮತ್ತು ಅನಂತರ ಬಿಸಿ ಎಂಜಿನ್ನಿನಲ್ಲಿ ಗೇಜು ತೋರಿಸಿದ ಒತ್ತಡದ ಅಂಕಿಗಳನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡರೆ, ಆರು ತಿಂಗಳ ಬಳಿಕ ಮತ್ತೆ ಅಳೆದಾಗ ಹೋಲಿಸಲು ಆಧಾರವಿರುತ್ತದೆ.