1972ರ ಚಿತ್ರಗಳು: ಮೊದಲ ಮಣೆ ಯಾರಿಗೆ?

ಒಂದು ವರುಷದ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ, ಇದು ಮೊದಲನೆಯದು, ಇದು ಎರಡನೆಯದು ಎಂದು ಅಂಕ ಕೊಡುವುದು ಸುಲಭವೆಂದು ಹೇಳುವವರು ಆ ಕೆಲಸವನ್ನು ಎಂದೂ ಕೈಗೆತ್ತಿಕೊಂಡವರಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಿಗಾದರೆ ಪ್ರಶ್ನೆ ಎಲ್ಲರಿಗೂ ಒಂದೇ. ಚಿತ್ರವಾದರೋ ತನ್ನ ಪ್ರಶ್ನೆಯನ್ನು ತಾನೇ ಬರೆದುಕೊಂಡು ಬರುತ್ತದೆ. ಅದರಲ್ಲಿಯೂ 1972ರಂಥ ವರುಷ ಎದುರಿಗೆ ಬಂದಿತೆಂದರೆ ಮುಗಿಯಿತು. ಅಣ್ಣತಮ್ಮಂದಿರಲ್ಲಿ ಮಾತು ನಿಂತೀತು.

ನಮ್ಮ ಸಂಘದ ಕುಟುಂಬ ಸಂಜೆಗೆ ಹಳೆಯ ಕನ್ನಡ ಚಿತ್ರವೊಂದನ್ನು ತೋರಿಸಬೇಕೆಂದೂ, ಅದು 1972ರ ಅತ್ಯುತ್ತಮ ಚಿತ್ರವೇ ಆಗಿರಬೇಕೆಂದೂ ಹಿರಿಯರು ಗೊತ್ತುಮಾಡಿದರು. ಆ ವರುಷವೇ ಏಕೆಂದರೆ, ಅವರಲ್ಲಿ ಹಲವರು ಊರು ಬಿಟ್ಟು ಮುಂಬಯಿಗೆ ಬಂದಿಳಿದದ್ದು ಅದರ ಆಸುಪಾಸಿನಲ್ಲಿ. ಪಟ್ಟಿ ತಯಾರಿಸುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಸರಕಾರಿ ಕಚೇರಿಯ ಗುಮಾಸ್ತರು, ಪಟ್ಟಿ ಮಾಡುವುದಕ್ಕೆಂದೇ ಸಂಬಳ ಪಡೆಯುವವರು, ಇದೇನು ಮಹಾ ಎಂಬುದು ಅವರ ತರ್ಕ. ನಾವು ಆ ವರುಷ ಹುಟ್ಟಿಯೇ ಇರಲಿಲ್ಲ, ಆದುದರಿಂದ ಪಕ್ಷಪಾತ ಮಾಡಲಾರೆವು ಎಂಬುದು ಇನ್ನೊಂದು ತರ್ಕ. ಹೀಗೆ ಎರಡು ಭಾನುವಾರಗಳು ಸಂಘದ ವಾಚನಾಲಯದಲ್ಲಿ ಕಾಫಿಯೊಡನೆ ಕಳೆದವು. ಪುಸ್ತಕ ಓದಲು ಬಂದವರು ಯಾರಾದರೂ ಇದ್ದರೆ ಅವರ ಕ್ಷಮೆಯನ್ನು ಇಲ್ಲಿಯೇ ಕೇಳಿಬಿಡುತ್ತೇವೆ.

ಆಗ ನಾಡಿಗಿನ್ನೂ ಮೈಸೂರು ರಾಜ್ಯವೆಂದೇ ಹೆಸರು. ಕರ್ನಾಟಕವೆಂದಾದದ್ದು 1973ರ ನವೆಂಬರ್ 1ರಂದು. 1970ರ ‘ಸಂಸ್ಕಾರ’ ಇಡೀ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಮೇಲೆ, ಕನ್ನಡ ಚಿತ್ರವೆಂದರೆ ಮೂಗು ಮುರಿಯುತ್ತಿದ್ದವರೂ ತಿರುಗಿ ನೋಡತೊಡಗಿದ್ದರು. ಕಾದಂಬರಿಗಳು ತೆರೆಗೆ ಬರುವ ಸುಗ್ಗಿಯ ಕಾಲ ಅದು. ನಮ್ಮ ಚರ್ಚೆಯಲ್ಲಿ ಕೊನೆಯವರೆಗೆ ಉಳಿದ ನಾಲ್ಕೂ ಚಿತ್ರಗಳು ಕಾದಂಬರಿಯ ಹೊಟ್ಟೆಯಲ್ಲಿ ಹುಟ್ಟಿದವೇ: ಟಿ. ಕೆ. ರಾಮರಾಯರ ‘ಬಂಗಾರದ ಮನುಷ್ಯ’, ತ.ರಾ.ಸು. ಅವರ ‘ನಾಗರಹಾವು’, ಭೈರಪ್ಪನವರ ‘ವಂಶವೃಕ್ಷ’, ತ್ರಿವೇಣಿಯವರ ‘ಶರಪಂಜರ’. ರಾಜಕುಮಾರರ ‘ಸಿಪಾಯಿ ರಾಮು’, ‘ಕ್ರಾಂತಿವೀರ’ ಮೊದಲಾದುವನ್ನು ಅಭಿಮಾನಿಗಳು ಪ್ರೀತಿಯಿಂದ ನೆನೆದರು, ಆದರೆ ಯಾರೂ ಹಟ ಹಿಡಿಯಲಿಲ್ಲ.

ಜಗಳ ಆರಂಭವಾದದ್ದು ಚಿತ್ರಗಳ ಗುಣದ ಮೇಲಲ್ಲ, ಇಸವಿಯ ಮೇಲೆ. ‘ವಂಶವೃಕ್ಷ’ 1972ರ ಚಿತ್ರವೆಂದು ಪಟ್ಟಿಗಳಲ್ಲಿ ಕಾಣುತ್ತದೆ. ಆದರೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು 1971ರ ಸಾಲಿನಲ್ಲಿ. ‘ಶರಪಂಜರ’ದ ಕಥೆ ಇದಕ್ಕೆ ನೇರ ತಿರುಗುಮುರುಗು. ಅದನ್ನು 1971ರ ಚಿತ್ರವೆನ್ನುತ್ತಾರೆ, ಆದರೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ದೊರೆತದ್ದು 1972ರ ಸಾಲಿನಲ್ಲಿ. ಎಂದಮೇಲೆ ಬಿಡುಗಡೆಯ ವರುಷವನ್ನು ಹಿಡಿದರೆ ‘ವಂಶವೃಕ್ಷ’ ಒಳಗೆ, ‘ಶರಪಂಜರ’ ಹೊರಗೆ. ಪ್ರಶಸ್ತಿಯ ವರುಷವನ್ನು ಹಿಡಿದರೆ ‘ಶರಪಂಜರ’ ಒಳಗೆ, ‘ವಂಶವೃಕ್ಷ’ ಹೊರಗೆ. ಕಚೇರಿಯಲ್ಲಿ ಬಡ್ತಿಯ ಜ್ಯೇಷ್ಠತಾ ಪಟ್ಟಿ ಮಾಡುವಾಗ, ಹುದ್ದೆ ಖಾಲಿಯಾದ ದಿನವೋ ಸೇರಿದ ದಿನವೋ ಎಂದು ಹೊಡೆದಾಡುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ‘ನಾಗರಹಾವು’ ಮಾತ್ರ ಅದೃಷ್ಟವಂತ. 1972ರ ಡಿಸೆಂಬರ್ 29ರಂದು ತೆರೆಕಂಡು, ಬಾಗಿಲು ಹಾಕುವುದಕ್ಕೆ ಮೂರು ದಿನವಿರುವಾಗ ಒಳಗೆ ನುಸುಳಿಕೊಂಡಿತು. ಅದು ಓಡಿದ್ದೆಲ್ಲ 1973ರಲ್ಲಿ. ಹೆಸರು ಮಾತ್ರ 1972ರ ಖಾತೆಯಲ್ಲಿ.

ನಿಯಮ ಒಂದೇ ಇರಲೆಂದು ನಾವು ಬಿಡುಗಡೆಯ ವರುಷವನ್ನು ಹಿಡಿದೆವು. ಇದರಿಂದ ಯಾರಿಗೆ ಸಿಟ್ಟು ಬಂತೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲಿಗೆ ‘ನಾಗರಹಾವು’. ಸಂಘದ ತರುಣರೆಲ್ಲ ಈ ಹಾವಿನ ಕಡೆಯವರು. 2018ರಲ್ಲಿ ಅದನ್ನು ಹೊಸ ತಂತ್ರಜ್ಞಾನದಿಂದ ಶುದ್ಧಿಮಾಡಿ ಮತ್ತೆ ಬಿಡುಗಡೆ ಮಾಡಿದಾಗ, ನಾವೂ ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದೆವು. ಕೈಫೋನಿನ ಅಂಗೈಯಗಲದ ತೆರೆಯಲ್ಲಿ ಕಂಡಿದ್ದ ಚಿತ್ರದುರ್ಗದ ಬಂಡೆಗಳು ದೊಡ್ಡ ತೆರೆಯಲ್ಲಿ ಎದ್ದು ನಿಂತಾಗ, ಪುಟ್ಟಣ್ಣ ಕಣಗಾಲರು ಕಲ್ಲಿಗೂ ಪಾತ್ರ ಕೊಟ್ಟಿದ್ದರೆಂಬುದು ತಿಳಿಯಿತು. ಆ ಬಿಸಿಲು, ಆ ಕಲ್ಲು, ಅವುಗಳ ನಡುವೆ ಬುಸುಗುಟ್ಟುವ ರಾಮಾಚಾರಿ. ವಿಷ್ಣುವರ್ಧನರಿಗೆ ಆಗ ಇಪ್ಪತ್ತೆರಡು ವರುಷ. ಅದಕ್ಕೆ ಮುಂಚೆ ‘ವಂಶವೃಕ್ಷ’ದಲ್ಲಿಯೇ ಒಂದು ಚಿಕ್ಕ ಪಾತ್ರದಲ್ಲಿ ಕಾಣಿಸಿಕೊಂಡಿದ್ದರು. ಅಂಬರೀಷರು ಜಲೀಲನಾಗಿ ಮೊದಲು ತೆರೆಗೆ ಬಂದದ್ದೂ ಇದರಲ್ಲಿಯೇ. ಒಂದೇ ಚಿತ್ರ ಕನ್ನಡಕ್ಕೆ ಇಬ್ಬರನ್ನು ಕೊಟ್ಟಿತು.

ಆದರೆ ಈ ಚಿತ್ರದ ಪ್ರಾಣವಿರುವುದು ಹಾವಿನಲ್ಲಲ್ಲ, ಹಾವಾಡಿಗನಲ್ಲಿ. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರಲ್ಲಿ. ಊರಿಗೆಲ್ಲ ಬೇಡವಾದ ಹುಡುಗನನ್ನು ಪ್ರೀತಿಯಿಂದ ಕಟ್ಟಿಹಾಕಿ, ಅದೇ ಪ್ರೀತಿಯಿಂದ ಅವನ ಬಾಳನ್ನು ಮುರಿಯುವ ಮೇಷ್ಟ್ರು ಅವರು. ಅಲಮೇಲುವನ್ನು ಬಿಟ್ಟುಕೊಡು ಎಂದಾಗ ಬಿಟ್ಟುಕೊಟ್ಟ. ಅವಳ ಗತಿ ಏನಾಯಿತೆಂಬುದನ್ನು ಚಿತ್ರ ನೋಡಿದವರು ಬಲ್ಲರು. ಗುರುಭಕ್ತಿಯ ಚಿತ್ರವೆಂದು ಇದನ್ನು ಹೊಗಳುವವರು ಸ್ವಲ್ಪ ನಿಧಾನಿಸಬೇಕು. ಗುರುವಿನ ಮಾತೂ ತಪ್ಪಬಹುದೆಂದು ಇಷ್ಟು ಗಟ್ಟಿಯಾಗಿ ಹೇಳಿದ ಕನ್ನಡ ಚಿತ್ರ ಬೇರೊಂದಿಲ್ಲವೆಂದು ನಮ್ಮ ಎಣಿಕೆ. ವಿಷ್ಣುವರ್ಧನರು 2009ರ ಡಿಸೆಂಬರ್ 30ರಂದು ತೀರಿಕೊಂಡರು; ಅಶ್ವಥ್ ಅವರು 2010ರ ಜನವರಿ 18ರಂದು. ಮೂರು ವಾರವೂ ತುಂಬಿರಲಿಲ್ಲ.

ಕೊರತೆ ಎಲ್ಲಿ? ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಒಂದೇ ಚಿತ್ರದಲ್ಲಿ ತುರುಕಿರುವುದರಲ್ಲಿ. ಮೊದಲರ್ಧ ತೇರಿನಂತೆ ಸಾಗಿದರೆ, ಮಾರ್ಗರೆಟ್ ಬಂದ ಮೇಲೆ ಮೋಟಾರು ಹಿಡಿಯುವ ಅವಸರ. ಕಾದಂಬರಿಕಾರರಿಗೂ ಚಿತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರೆಂದು ನೊಂದು ನುಡಿದರೆಂಬ ಪ್ರತೀತಿಯಿದೆ. ಕೇರೆಹಾವಾದರೂ ದೂರದೂರದವರೆಗೆ ಹರಿಯಿತು. 1974ರಲ್ಲಿ ಇದೇ ಕಥೆ ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’ ಆಯಿತು. ಪುಟ್ಟಣ್ಣನವರೇ ಹಿಂದಿಯಲ್ಲಿ ರಿಷಿ ಕಪೂರರನ್ನಿಟ್ಟುಕೊಂಡು ‘ಜಹರೀಲಾ ಇನ್ಸಾನ್’ ತೆಗೆದರು. ದುರ್ಗದ ಮಣ್ಣಿನ ಸಿಟ್ಟು ಮುಂಬಯಿಯ ನೀರಿಗೆ ಕರಗಿಹೋಯಿತು. ಕನ್ನಡದ ಅದೃಷ್ಟ ಅದಕ್ಕಿರಲಿಲ್ಲ. ಹೈದರಾಬಾದು, ಮದರಾಸಿನ ಕನ್ನಡ ಬಂಧುಗಳು ತಮ್ಮ ಕಡೆಯ ಹಾವುಗಳ ವಿಷಯವನ್ನು ಬರೆದು ತಿಳಿಸಿದರೆ ಸಂತೋಷ.

‘ವಂಶವೃಕ್ಷ’ದ ಪಕ್ಷದಲ್ಲಿ ಇದ್ದವರು ಕೆಲವರೇ, ಆದರೆ ಗಟ್ಟಿಗರು. ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಜೊತೆಯಾಗಿ ನಿರ್ದೇಶಿಸಿ, ಜೊತೆಯಾಗಿಯೇ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ತನ್ನ ವಂಶ ಶುದ್ಧವೆಂದು ನಂಬಿ, ಆ ನಂಬಿಕೆಗಾಗಿ ವಿಧವೆ ಸೊಸೆಯ ಮಗುವನ್ನು ತನ್ನಲ್ಲಿಯೇ ಇರಿಸಿಕೊಂಡ ಶ್ರೋತ್ರಿಗಳಿಗೆ, ತಮ್ಮ ಹುಟ್ಟಿನ ಗುಟ್ಟೇ ಬೇರೆ ಎಂದು ತಿಳಿಯುವ ಕಥೆ. ನೋಡಿ ಮುಗಿಸಿದಾಗ ಮಾತಾಡಬೇಕೆನ್ನಿಸುವುದಿಲ್ಲ. ಆದರೆ ಕಾದಂಬರಿಯನ್ನು ಓದಿದವರಿಗೆ ಚಿತ್ರ ಸ್ವಲ್ಪ ಒಣಗಿದಂತೆ ಕಾಣುತ್ತದೆ, ಓದದವರಿಗೆ ಅಲ್ಲಲ್ಲಿ ತೊಡಕಾಗುತ್ತದೆ. ನಾವು ಮೂರನೆಯ ಮಣೆ ಹಾಕಿದೆವು.

ಇನ್ನು ‘ಬಂಗಾರದ ಮನುಷ್ಯ’. 1972ರ ಮಾರ್ಚ್ 31ರಂದು ಬಿಡುಗಡೆ. ಮುಂಬಯಿಯ ಸಿನಿಮಾ ಪ್ರೇಮಿಗಳಿಗೆ ಆ ದಿನದ ನೆನಪು ಬೇರೆ. ‘ಪಾಕೀಜಾ’ ಓಡುತ್ತಿರುವಾಗಲೇ ಮೀನಾಕುಮಾರಿ ಕಣ್ಣು ಮುಚ್ಚಿದ್ದು ಅದೇ ದಿನ. ಬೆಂಗಳೂರಿನಲ್ಲಿ ಮಾತ್ರ ಸ್ಟೇಟ್ಸ್ ಚಿತ್ರಮಂದಿರದ ಮುಂದೆ ಅಂದು ನಿಂತ ಸಾಲು ಎರಡು ವರುಷ ಕರಗಲಿಲ್ಲ. ಸಿದ್ದಲಿಂಗಯ್ಯನವರ ನಿರ್ದೇಶನ, ಜಿ. ಕೆ. ವೆಂಕಟೇಶರ ಸಂಗೀತ, ರಾಜಕುಮಾರ್ ಮತ್ತು ಭಾರತಿ. ರಾಚೂಟಪ್ಪನಾಗಿ ಬಾಲಕೃಷ್ಣರು ಬಂದಾಗಲೆಲ್ಲ ಚಿತ್ರಕ್ಕೆ ಉಪ್ಪುಖಾರ ಬೀಳುತ್ತದೆ.

ತರುಣರು ಇದರ ಮೇಲೆ ಹೊರಿಸಿದ ಆರೋಪಗಳಲ್ಲಿ ಹುರುಳಿಲ್ಲದಿಲ್ಲ. ರಾಜೀವ ಅತಿ ಒಳ್ಳೆಯವನು. ಇಷ್ಟು ಒಳ್ಳೆಯವನನ್ನು ನಾವು ಯಾರೂ ಕಂಡಿಲ್ಲ. ಬಂಜರು ನೆಲ ಹಾಡೊಂದು ಮುಗಿಯುವುದರೊಳಗೆ ಬಂಗಾರ ಬೆಳೆಯುತ್ತದೆ. ಮನೆಯವರೆಲ್ಲ ಸುಖವಾಗಿರುವಾಗ ಎಲ್ಲಿಂದಲೋ ಗೂಳಿಯೊಂದು ನುಗ್ಗಿ ಲಕ್ಷ್ಮಿಯನ್ನು ಕೊಲ್ಲುತ್ತದೆ. ಕಥೆಗೆ ದುಃಖ ಬೇಕಾದಾಗ ಬರುವ ಇಂಥ ಗೂಳಿಗಳು ಆ ಕಾಲದ ಚಿತ್ರಗಳಲ್ಲಿ ಬಹಳ. ಕುಶಲತೆಯ ಲೆಕ್ಕ ಹಿಡಿದರೆ ‘ನಾಗರಹಾವೇ’ ಮೇಲು. ಅದನ್ನು ನಾವೂ ಒಪ್ಪುತ್ತೇವೆ.

ಆದರೂ ಮೊದಲ ಮಣೆಯನ್ನು ನಾವು ಇದಕ್ಕೇ ಹಾಕಿದ್ದೇವೆ. ಕಾರಣವನ್ನು ಹೇಳಬೇಕಾದರೆ ನಮ್ಮ ಮನೆಯ ವಿಷಯವನ್ನು ತುಸು ಹೇಳಬೇಕಾಗುತ್ತದೆ.

ಈ ಚಿತ್ರವನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹಿಂತಿರುಗಿ ಬೇಸಾಯಕ್ಕೆ ಇಳಿದ ಓದಿದ ಹುಡುಗರ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ನಮ್ಮ ತಂದೆಯವರು ತಿಪಟೂರಿನಲ್ಲಿ ಇದನ್ನು ಕಂಡಾಗ ಅವರಿಗೆ ಹದಿನೇಳು. ಇನ್ನು ಓದುವುದಿಲ್ಲ, ತೋಟ ಮಾಡುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದರಂತೆ. ಹಟ ಎರಡು ತಿಂಗಳು ನಿಂತಿತು. ಆಮೇಲೆ ಡಿಗ್ರಿ, ಆಮೇಲೆ ಮುಂಬಯಿ. ಚಿತ್ರವನ್ನು ನೋಡುವುದಕ್ಕೆ ಕಾಸಿಲ್ಲದೆ ಮನೆಯಲ್ಲಿಯೇ ಉಳಿದ ಚಿಕ್ಕಪ್ಪನವರು ಇಂದಿಗೂ ಆ ತೆಂಗಿನ ತೋಟದಲ್ಲಿದ್ದಾರೆ. ನುಸಿಪೀಡೆ ಬಂದಾಗ, ಬೋರು ಬತ್ತಿದಾಗ, ಕೊಬ್ಬರಿಯ ಧಾರಣೆ ಬಿದ್ದಾಗ ಅವರೇ ಇದ್ದರು.

ಈ ಸಲ ಪಟ್ಟಿಗಾಗಿ ಚಿತ್ರವನ್ನು ಮನೆಯಲ್ಲಿ ಎಲ್ಲರೂ ಕೂಡಿ ನೋಡಿದೆವು. ಅಕ್ಕನ ಸಂಸಾರ ಸಾಲದಲ್ಲಿ ಮುಳುಗಿರುವಾಗ ರಾಜೀವ ಪಟ್ಟಣದಲ್ಲಿರುವ ಅಣ್ಣನ ಮನೆಗೆ ಸಹಾಯ ಕೇಳಲು ಹೋಗುತ್ತಾನೆ. ಅಣ್ಣ ಕೈ ಝಾಡಿಸುತ್ತಾನೆ. ಆಗಿನ ಕಾಲದಿಂದ ಸಭಾಂಗಣದಲ್ಲಿ ಕುಳಿತವರೆಲ್ಲರೂ ತಾವೇ ರಾಜೀವ ಎಂದುಕೊಂಡು ಕಣ್ಣೊರೆಸಿಕೊಂಡಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಲೆಕ್ಕಕ್ಕೆ ಆ ಅಣ್ಣ? ಊರಿನಲ್ಲಿ ತಮ್ಮನೋ ಭಾವನೋ ನೆಲ ಕಾಯುತ್ತಿರಲು, ವರುಷಕ್ಕೊಮ್ಮೆ ಹೋಗಿ ಎಳನೀರು ಕುಡಿದು, ಹೊರಡುವಾಗ ಪಾಲಿನ ಮಾತು ತೆಗೆಯುವವರು ಹೊರನಾಡಿನಲ್ಲಿರುವ ನಾವೇ ಅಲ್ಲವೇ? ನಮ್ಮ ಮನೆಯಲ್ಲಿಯೂ ತೋಟದ ಪಾಲುಪಟ್ಟಿಯ ಕರಡು ತಯಾರಾಗಿ ತಂದೆಯವರ ರುಜುವಿಗೆ ಬಂದಿದೆ. ಅಂದು ಚಿತ್ರ ಮುಗಿದ ಮೇಲೆ ಅವರು ಒಂದೇ ಮಾತು ಕೇಳಿದರು: “ಅಣ್ಣನ ಪಾರ್ಟು ಮಾಡಿದೋನು ಯಾರೋ?” ನಮಗೂ ಥಟ್ಟನೆ ಹೇಳಲಾಗಲಿಲ್ಲ. ಕರಡು ಬೀರುವಿನಲ್ಲಿಯೇ ಇದೆ.

‘ನಾಗರಹಾವು’ ನೋಡಿದಾಗ ನಾವು ರಾಮಾಚಾರಿಗಾಗಿ ಮರುಗುತ್ತೇವೆ. ‘ಬಂಗಾರದ ಮನುಷ್ಯ’ ನೋಡಿದಾಗ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕೊನೆಗೆ ತಾನೇ ಸಾಕಿ ಬೆಳೆಸಿದ ಕೇಶವ ಸಂದೇಹಪಟ್ಟು ನುಡಿದ ಮಾತಿಗೆ, ಊಟಕ್ಕೆ ಕುಳಿತ ರಾಜೀವ ಎದ್ದು ಹೊರಟುಹೋಗುವಾಗ ಆಸ್ತಿಯ ಕಾಗದವೊಂದನ್ನೂ ಕೇಳುವುದಿಲ್ಲ. ಅತಿಯಾಯಿತೆನ್ನಿ, ನಾಟಕೀಯವೆನ್ನಿ. ಐವತ್ತು ವರುಷ ಕಳೆದರೂ ಹೊರನಾಡ ಕನ್ನಡಿಗರ ಕೋಣೆಯೊಂದರಲ್ಲಿ ನಾಲ್ಕು ಜನರನ್ನು ಸುಮ್ಮನಾಗಿಸುವ ಶಕ್ತಿ ಆ ದೃಶ್ಯಕ್ಕಿದೆ.

ಇಷ್ಟಾದ ಮೇಲೆ ಪಟ್ಟಿ ಮುಗಿಯಿತೆಂದುಕೊಂಡಿದ್ದೆವು. ಎರಡನೆಯ ಭಾನುವಾರ ಮಹಿಳಾ ವಿಭಾಗದವರು ಬಂದರು. ಅವರ ಮುಂದಾಳುವಾಗಿ ಬಂದ ಅಜ್ಜಿಯವರು ಹೊಸದಾಗಿ ಮದುವೆಯಾದಾಗ ಅತ್ತೆಗೆ ಸುಳ್ಳು ಹೇಳಿ ‘ಶರಪಂಜರ’ಕ್ಕೆ ಹೋದವರು. “ನಿಮ್ಮ ಮೂರು ಚಿತ್ರದಲ್ಲೂ ಕೊನೆಗೆ ಮನೆ ಬಿಟ್ಟು ಹೋಗೋನು, ಬೆಟ್ಟ ಹತ್ತೋನು, ಮನಸ್ಸು ನೋಯಿಸಿಕೊಳ್ಳೋನು ಎಲ್ಲಾ ಗಂಡಸೇ. ಹೆಂಗಸು ಏನಾದಳು ಹೇಳಪ್ಪಾ?” ಎಂದು ನಮ್ಮನ್ನೇ ಕೇಳಿದರು. ಲೆಕ್ಕ ಹಾಕಿದೆವು. ಲಕ್ಷ್ಮಿ ಗೂಳಿಗೆ ಬಲಿ. ಅಲಮೇಲುವನ್ನು ಕೈಹಿಡಿದವನೇ ಮಾರಿದ. ಮಾರ್ಗರೆಟ್ ಬೆಟ್ಟದ ಕೆಳಗೆ. ಕಾತ್ಯಾಯಿನಿ ಮಗನಿಂದ ದೂರವಾಗಿ ಕೊರಗಿ ಸತ್ತಳು. ಅಜ್ಜಿಯವರ ಪ್ರಶ್ನೆಗೆ ನಮ್ಮ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

‘ಶರಪಂಜರ’ದ ಕಾವೇರಿಯೂ ಸುಖಪಡುವುದಿಲ್ಲ. ಬಾಣಂತಿಯಾದಾಗ ಬುದ್ಧಿ ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಗಂಡನಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರೂ ಹುಚ್ಚಿ ಎಂಬ ಕಣ್ಣಿನಿಂದಲೇ ನೋಡಿ, ಕೊನೆಗೆ ನಿಜವಾಗಿಯೂ ಹುಚ್ಚಿಯನ್ನಾಗಿ ಮಾಡುತ್ತಾರೆ. ಆದರೆ ಅದು ಅವಳದೇ ಕಥೆ. ಇನ್ನೊಬ್ಬನ ಕಥೆಗೆ ಕಣ್ಣೀರು ಒದಗಿಸಲು ಅವಳು ಬಂದವಳಲ್ಲ. ಕಲ್ಪನಾ ಅವರು ಆ ಪಾತ್ರಕ್ಕೆ ಕೊಟ್ಟದ್ದನ್ನು ಕಂಡವರು ಅಭಿನಯವೆಂಬ ಶಬ್ದವನ್ನು ಬಳಸಲು ಹಿಂಜರಿಯುತ್ತಾರೆ. ಹೆರಿಗೆಯ ನಂತರದ ಮನೋರೋಗದ ಬಗ್ಗೆ ಇಂದೂ ಮನೆಗಳಲ್ಲಿ ಪಿಸುದನಿಯೇ ಇರುವಾಗ, ತ್ರಿವೇಣಿಯವರು ಅದನ್ನು ಕಾದಂಬರಿ ಮಾಡಿದ್ದರು, ಪುಟ್ಟಣ್ಣನವರು ಊರಿನ ಮುಂದೆಲ್ಲ ತೋರಿಸಿದರು. ನಮ್ಮ ಮನೆಯಾಕೆಯೂ ಅಜ್ಜಿಯವರ ಪಕ್ಷ ಸೇರಿದ್ದರಿಂದ ನಮ್ಮ ಬಿಡುಗಡೆಯ ನಿಯಮವು ಬಹಳ ಕಷ್ಟಕ್ಕೆ ಗುರಿಯಾಯಿತು.

ಆದರೂ ನಿಯಮವನ್ನು ಬದಲಾಯಿಸಲಿಲ್ಲ. ಬದಲಾಯಿಸಿದರೆ ‘ವಂಶವೃಕ್ಷ’ದವರು ಸುಮ್ಮನಿರುತ್ತಿರಲಿಲ್ಲ. ರಾಜಿಯ ಸೂತ್ರವನ್ನು ಅಜ್ಜಿಯವರೇ ಹೇಳಿದರು: “ಪಟ್ಟಿ ನೀವಿಟ್ಟುಕೊಳ್ಳಿ, ಪರದೆ ನಮಗೆ ಬಿಡಿ.” ಅಂತೆಯೇ ಸಂಘದ ದಾಖಲೆಯಲ್ಲಿ ಮೊದಲನೆಯದು ‘ಬಂಗಾರದ ಮನುಷ್ಯ’, ಎರಡನೆಯದು ‘ನಾಗರಹಾವು’, ಮೂರನೆಯದು ‘ವಂಶವೃಕ್ಷ’ ಎಂದು ಬರೆಯಲಾಗಿದೆ, ಕುಟುಂಬ ಸಂಜೆಯಂದು ತೋರಿಸುವುದು ‘ಶರಪಂಜರ’. ಪಟ್ಟಿಯಲ್ಲಿಲ್ಲದ ಚಿತ್ರವನ್ನು ತೋರಿಸುವುದು ಹೇಗೆಂದು ಖಜಾಂಚಿಗಳು ಕೇಳಿದರು. ಅವರ ಪತ್ನಿಯವರು ಅಲ್ಲಿಯೇ ಇದ್ದುದರಿಂದ ಆ ಪ್ರಶ್ನೆಗೆ ಅನುಮೋದಕರು ಸಿಗಲಿಲ್ಲ.

ಮುಂದಿನ ಸಲ 1973ರ ಸರದಿ ಎಂದು ಈಗಲೇ ಕೂಗು ಎದ್ದಿದೆ. ‘ಗಂಧದ ಗುಡಿ’, ‘ಎಡಕಲ್ಲು ಗುಡ್ಡದ ಮೇಲೆ’, ‘ಅಬಚೂರಿನ ಪೋಸ್ಟಾಫೀಸು’, ‘ಕಾಡು’ ಇಷ್ಟೂ ಆ ವರುಷದವೇ. ಯಾವ ದಿನಾಂಕವನ್ನು ಹಿಡಿಯಬೇಕೆಂಬುದನ್ನು ಮಾತ್ರ ಈ ಸಲ ಮಹಿಳಾ ವಿಭಾಗದವರನ್ನು ಮೊದಲು ಕೇಳಿ ಆಮೇಲೆ ಗೊತ್ತುಮಾಡುವುದೆಂದು ತೀರ್ಮಾನವಾಗಿದೆ.