ಕಾಲ್ಮಡಿ ಎಂದರೆ ಕಾಲಲ್ಲ



ಎಸ್ಪ್ಲನೇಡ್ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದೊಡನೆ ನೀವು ನ್ಯೂ ಮಾರ್ಕೆಟ್ಟಿನ ಕಡೆಗೋ, ಕೆ. ಸಿ. ದಾಸ್ ಅಂಗಡಿಯ ರಸಗುಲ್ಲದ ಕಡೆಗೋ ತಿರುಗುತ್ತೀರಿ. ತಪ್ಪೇನಿಲ್ಲ, ನಾನೂ ಹಾಗೆಯೇ ತಿರುಗುತ್ತೇನೆ. ಆದರೆ ಮುಂದಿನ ಸಲ ಧರ್ಮತಲಾದ ಬಸ್ಸುಗಳ ಕಡೆಗೂ ಒಮ್ಮೆ ನೋಡಿ. ಜಿಲ್ಲೆಗಳಿಂದ ಬಂದು ಇಳಿಯುವವರಲ್ಲಿ ಕೆಲವರ ಕಂಕುಳಲ್ಲಿ ಅಗಲವಾದ ಕವರೊಂದು ಇರುತ್ತದೆ. ಅದರೊಳಗೆ ಕ್ಷ-ಕಿರಣದ ಚಿತ್ರ, ಇಲ್ಲವೇ ಸ್ಕ್ಯಾನಿಂಗ್ ರಿಪೋರ್ಟು. ಮುಂದೆ ವಯಸ್ಸಾದವರೊಬ್ಬರು, ಹಿಂದೆ ಕವರು ಹಿಡಿದ ಹುಡುಗನೋ ಹುಡುಗಿಯೋ. ಇಂದಲ್ಲ ನಾಳೆ ಆ ಕವರು ನಿಮ್ಮ ಕೈಗೂ ಬರುತ್ತದೆ. ಈ ಲೇಖನ ಅದಕ್ಕಾಗಿ.

ಆಸ್ಪತ್ರೆಯ ಕ್ಷ-ಕಿರಣ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಹಾಗಿದ್ದೂ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ನನ್ನ ಮಾವನವರು ಬಂದಿದ್ದರು. ನಾನೂ ನನ್ನಾಕೆಯೂ ನಾಲ್ಕು ದಿನ ಪುರಿಗೆ ಹೋಗಿದ್ದಾಗ ಅವರಿಗೆ ನೋವು ಕಾಣಿಸಿಕೊಂಡಿತು. ಮನೆಯಲ್ಲಿದ್ದವನು ನನ್ನ ಮಗ ಒಬ್ಬನೇ. ಹುಟ್ಟಿ ಬೆಳೆದದ್ದು ಇಲ್ಲೇ, ನನ್ನ ಮೈಸೂರು ಕಡೆಯ ಮಾತು ಅವನಿಗೆ ತಿಳಿಯುತ್ತದೆ, ಅಜ್ಜನದು ಅರ್ಧಂಬರ್ಧ. ಅಜ್ಜ ಹೇಳಿದ್ದು ಇಷ್ಟು: "ತಮ್ಮಾ, ಬಲಗಡೆ ಪಕ್ಕಡಿ ಹಿಡದದ, ಅಲ್ಲಿಂದ ತೊಡಿಸಂದಿಗೆ ಇಳೀತದ. ಕಾಲ್ಮಡೀಗೆ ಹೋದ್ರ ಉರೀತದ." ಮಗ ವೈದ್ಯರಿಗೆ ಬಂಗಾಳಿಯಲ್ಲಿ ತಿಳಿಸಿದ್ದು: ಹೊಟ್ಟೆಯ ಬಲಭಾಗದಲ್ಲಿ ನೋವು, ಕಾಲು ಮಡಚಿದರೆ ಉರಿ!

ಕಾಲ್ಮಡಿ ಎಂದರೆ ಮೂತ್ರವಿಸರ್ಜನೆ. ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಆ ವೈದ್ಯರಾದರೂ ಏನು ಮಾಡಬೇಕು? ಪಿತ್ತಕೋಶದ ಕಲ್ಲಿರಬಹುದೆಂದು ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳ ಅಲ್ಟ್ರಾಸೌಂಡ್‌ಗೆ ಚೀಟಿ ಬರೆದರು. ಎಸ್ಪ್ಲನೇಡ್ ಸಮೀಪದ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್ ಆಯಿತು. ಎಲ್ಲವೂ ಸರಿಯಾಗಿದೆ ಎಂದು ರಿಪೋರ್ಟು. ಫೋನು ಮಾಡಿದರೆ ನಾವು ಗಾಬರಿಯಾಗುತ್ತೇವೆಂದು ಅಜ್ಜ ಮೊಮ್ಮಗ ಸೇರಿ ವಿಷಯ ಮುಚ್ಚಿಟ್ಟರು. ನಾವು ಬಂದಾಗ ಮಾವನವರು ನೋವಿಗೆ ಸುರುಟಿಕೊಂಡು ಮಲಗಿದ್ದರು. ಯಂತ್ರದ ತಪ್ಪಿರಲಿಲ್ಲ, ಲ್ಯಾಬಿನವರ ತಪ್ಪೂ ಇರಲಿಲ್ಲ. ಕೇಳಿದ್ದು ಪಿತ್ತಕೋಶವನ್ನು, ಅದು ಉತ್ತರ ಕೊಟ್ಟದ್ದೂ ಪಿತ್ತಕೋಶಕ್ಕೇ.

ದೇಹದೊಳಗನ್ನು ಚಿತ್ರದಲ್ಲಿ ನೋಡುವ ವಿದ್ಯೆಗೆ ನಮ್ಮ ಈ ಊರಿನಲ್ಲಿ ಹಳೆಯ ನೆಂಟು ಇದೆ. ರಾಂಟ್‌ಜನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಜಗದೀಶಚಂದ್ರ ಬೋಸರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆ ಕಿರಣಗಳನ್ನು ಉಂಟುಮಾಡುತ್ತಿದ್ದರು. ಡಾ. ನೀಲರತನ ಸರ್ಕಾರರು ತಮ್ಮ ರೋಗಿಯ ಮುರಿದ ಮೂಳೆಯನ್ನು ನೋಡಲು ಅವರ ನೆರವು ಕೇಳಿದ್ದುಂಟು. ಎಸ್ಪ್ಲನೇಡಿನಿಂದ ಲೆನಿನ್ ಸರಣಿ ಹಿಡಿದು ಮೌಲಾಲಿಗೆ ಹೋಗಿ ಎಡಕ್ಕೆ ತಿರುಗಿದರೆ, ನೀಲರತನರ ಹೆಸರಿನ ಆಸ್ಪತ್ರೆ ಬೋಸರ ಹೆಸರಿನ ರಸ್ತೆಯ ಮೇಲೆಯೇ ನಿಂತಿದೆ.

ಮೂಳೆ ಕಾಣುವುದು ಸುಲಭ, ಮೂತ್ರಪಿಂಡ ಕಾಣುವುದು ಕಷ್ಟ. ಸಾದಾ ಕ್ಷ-ಕಿರಣ ಚಿತ್ರದಲ್ಲಿ ಸುಣ್ಣದ ಅಂಶವಿರುವ ಕಲ್ಲು ಬೆಳ್ಳಗೆ ಕಾಣುತ್ತದೆ, ಯೂರಿಕ್ ಆಮ್ಲದ ಕಲ್ಲು ಕಾಣುವುದೇ ಇಲ್ಲ. ಅದಕ್ಕೆಂದು ಬಂದದ್ದು ಐ.ವಿ.ಪಿ. ನನ್ನ ನೌಕರಿಯ ಬಹುಭಾಗ ಕಳೆದದ್ದು ಇದರಲ್ಲೇ. ಹಿಂದಿನ ರಾತ್ರಿ ಭೇದಿಗೆ ಔಷಧ, ಬೆಳಿಗ್ಗೆ ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ದ್ರವದ ಇಂಜೆಕ್ಷನ್, ಆಮೇಲೆ ಗಡಿಯಾರ ನೋಡುತ್ತ ಒಂದೊಂದೇ ಚಿತ್ರ. ಮೂತ್ರಪಿಂಡ ಆ ದ್ರವವನ್ನು ಸೋಸಿ ಹೊರಹಾಕುವಾಗ ಇಡೀ ದಾರಿ ಬೆಳ್ಳಗೆ ಮೂಡುತ್ತದೆ. ದಾರಿ ಎಲ್ಲಿ ಕಟ್ಟಿದೆಯೋ ಅಲ್ಲಿ ಬಿಳುಪು ನಿಲ್ಲುತ್ತದೆ. 1929ರಲ್ಲಿ ಜರ್ಮನಿಯಲ್ಲಿ ಇದನ್ನು ಸಾಧ್ಯವಾಗಿಸಿದ್ದು ಮೋಸೆಸ್ ಸ್ವಿಕ್ ಎಂಬ ಅಮೆರಿಕದ ತರುಣ ವೈದ್ಯ. ಶ್ರೇಯಸ್ಸಿನ ದೊಡ್ಡ ಪಾಲು ಬಹುಕಾಲ ಹಿರಿಯ ಪ್ರೊಫೆಸರಿಗೆ ಸಂದಿತು. (ಕಚೇರಿಗಳಲ್ಲಿ ದುಡಿಯುವ ನಿಮಗೆ ಇದು ಹೊಸ ಕಥೆಯೇನಲ್ಲ.)

ಐ.ವಿ.ಪಿ. ಈಗ ಅಪರೂಪ. ಸಾಮಾನ್ಯವಾಗಿ ಮೊದಲು ಮಾಡುವುದು ಅಲ್ಟ್ರಾಸೌಂಡ್. ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಒಳಗೆ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ವಿಧಾನ. ವಿಕಿರಣವಿಲ್ಲ, ನೋವಿಲ್ಲ. ಗಾಳಿ ಈ ಅಲೆಯನ್ನು ತಡೆಯುತ್ತದೆ, ಚರ್ಮಕ್ಕೆ ತಣ್ಣನೆಯ ಜೆಲ್ ಬಳಿಯುವುದು ಅದಕ್ಕಾಗಿಯೇ. ಕರುಳಿನಲ್ಲಿ ವಾಯು ಇರುವುದರಿಂದ ಮೂತ್ರನಾಳದ ನಡುಭಾಗ ಕಾಣುವುದು ಕಷ್ಟ. ಕೆಳತುದಿಯನ್ನು ಮಾತ್ರ ತುಂಬಿದ ಮೂತ್ರಕೋಶದ ಮೂಲಕ ಚೆನ್ನಾಗಿ ನೋಡಬಹುದು. ಲ್ಯಾಬಿನವರು ನೀರು ಕುಡಿದು ತಡೆದುಕೊಂಡು ಕೂತಿರಿ ಎಂದು ಹೇಳುವುದು ಇದಕ್ಕೇ. ಹಿರಿಯರು ತಡೆಯಲಾರದೆ ಎದ್ದು ಹೋಗಿಬಿಡುತ್ತಾರೆ, ಕಾರಣ ತಿಳಿಸಿದರೆ ಕೂರುತ್ತಾರೆ. ಅಲ್ಲಿ ಗೋಡೆಯ ಮೇಲೆ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕವಿರುತ್ತದೆ. ಅದು 1994ರ ಕಾಯಿದೆಯ ಫಲ.

ಮೂತ್ರಪಿಂಡ ಬಾತಿದೆಯೇ, ಕಲ್ಲಿದೆಯೇ, ನೀರುಗುಳ್ಳೆಗಳಿವೆಯೇ, ಬಹುಕಾಲದ ರೋಗದಿಂದ ಕುಗ್ಗಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಹೇಳುತ್ತದೆ. ವಯಸ್ಕರ ಮೂತ್ರಪಿಂಡದ ಉದ್ದ ಸುಮಾರು 9ರಿಂದ 12 ಸೆಂಟಿಮೀಟರ್. ಕಲ್ಲಿನ ಬಗ್ಗೆ ಇನ್ನೂ ಸಂಶಯ ಉಳಿದರೆ ಸಿ.ಟಿ. ಸ್ಕ್ಯಾನ್. ಅದರಲ್ಲಿ ಯೂರಿಕ್ ಆಮ್ಲದ ಕಲ್ಲೂ ಸಿಕ್ಕಿಬೀಳುತ್ತದೆ, ಇಂಜೆಕ್ಷನ್ನೂ ಬೇಡ. ಆದರೆ ವಿಕಿರಣವಿದೆ, ಸುಮ್ಮಸುಮ್ಮನೆ ಮಾಡಿಸುವುದಲ್ಲ. ಗಂಟು ಇತ್ಯಾದಿ ನೋಡಲು ಬಣ್ಣದ ಇಂಜೆಕ್ಷನ್ ಕೊಡುವುದಾದರೆ, ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್ ಪ್ರಮಾಣ, ಹಿಂದೆ ಇಂಥ ಇಂಜೆಕ್ಷನ್ ಒಗ್ಗದೆ ಇದ್ದದ್ದು, ಇವನ್ನೆಲ್ಲ ಮೊದಲೇ ಹೇಳಬೇಕು.

ಇವೆಲ್ಲ ಮುಖ್ಯವಾಗಿ ಆಕಾರ ತೋರಿಸುವ ಚಿತ್ರಗಳು. ಎರಡರಲ್ಲಿ ಯಾವ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯಲು ಡಿ.ಟಿ.ಪಿ.ಎ. ಸ್ಕ್ಯಾನ್ ಇದೆ. ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಎಣಿಸುತ್ತಾರೆ. ಆರು ಗಂಟೆಗೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಇದನ್ನು ನೀವು ನೆನಪಿಡಲೇಬೇಕು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವ ತಂದೆತಾಯಿಯ ಅಲ್ಟ್ರಾಸೌಂಡ್ ಸರಿಯಾಗಿದೆ ಎಂದ ಮಾತ್ರಕ್ಕೆ ಮೂತ್ರಪಿಂಡ ಸರಿಯಾಗಿದೆ ಎಂದಲ್ಲ. ಸೋಸುವ ಜರಡಿ ಒಳಗೊಳಗೇ ಹಾಳಾಗುತ್ತಿದ್ದರೂ ಚಿತ್ರ ಬಹಳ ದಿನ ಅಂದವಾಗಿಯೇ ಇರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ, ಈ ಎರಡು ಅಗ್ಗದ ಪರೀಕ್ಷೆಗಳಷ್ಟೇ ಅದನ್ನು ಬೇಗ ಹೇಳಬಲ್ಲವು. ದುಬಾರಿ ಸ್ಕ್ಯಾನಿಂಗ್ ಮಾಡಿಸಿ ಇವನ್ನು ಬಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈಗ ನಿಮ್ಮದೇ ಮಾತು. ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳು ಬೆಳೆಯುವ ಒಂದು ರೋಗ ವಂಶಪಾರಂಪರ್ಯವಾಗಿ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮನೆತನದಲ್ಲಿ ಇದ್ದು, 15ರಿಂದ 39 ವರ್ಷದೊಳಗಿನವರಿಗೆ ಎರಡೂ ಮೂತ್ರಪಿಂಡ ಸೇರಿ ಮೂರು ಗುಳ್ಳೆ ಕಂಡರೂ ಸಾಕು, ರೋಗವಿದೆ ಎನ್ನುತ್ತಾರೆ. ಇಪ್ಪತ್ತರಲ್ಲಿ ಗುಳ್ಳೆ ಕಾಣದಿದ್ದರೆ ಪೂರ್ತಿ ನಿಶ್ಚಿಂತೆ ಎಂದೂ ಅಲ್ಲ. ಆದರೆ ಮನೆತನದಲ್ಲಿ ಇದೆಯೆಂದು ನಿಮಗೆ ಹೇಗೆ ತಿಳಿಯಬೇಕು? ಊರಿನಲ್ಲಿ ಯಾರೂ ರೋಗದ ಇಂಗ್ಲಿಷ್ ಹೆಸರು ಹೇಳುವುದಿಲ್ಲ. "ದೊಡ್ಡಪ್ಪನಿಗೆ ಮೈಯೆಲ್ಲ ಬಾತಿತ್ತು", "ಕೊನೆಗೆ ಒಂದಕ್ಕೇ ಹೋಗ್ತಿರಲಿಲ್ಲ", "ನಿಮ್ಮತ್ತೆಗೂ ಹಾಗೇ ಆಯ್ತು" ಎನ್ನುತ್ತಾರೆ. ರಜೆಗೆ ಊರಿಗೆ ಹೋದಾಗ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಅರ್ಥವಾಗದ ಮಾತನ್ನು ಅನುವಾದ ಮಾಡಬೇಡಿ, ಎಲ್ಲಿ ನೋವು ಎಂದು ಕೈಯಿಟ್ಟು ತೋರಿಸಲು ಹೇಳಿ.

ನನ್ನಾಕೆ ಆ ದಿನ ಮಾಡಿದ್ದು ಅಷ್ಟೇ. ಅಪ್ಪನ ಕೈ ಸೊಂಟದ ಮೇಲ್ಭಾಗದಿಂದ ತೊಡೆಸಂದಿಗೆ ಜಾರಿದ್ದು ನೋಡಿದಳು, ಕಾಲ್ಮಡಿ ಎಂಬ ಮಾತು ಕೇಳಿದಳು, ಅದೇ ವೈದ್ಯರ ಬಳಿಗೆ ಕರೆದೊಯ್ದಳು. ಮೂತ್ರದಲ್ಲಿ ರಕ್ತಕಣಗಳು ಸಿಕ್ಕಿದವು. ಈ ಸಲ ಮೂತ್ರಕೋಶ ತುಂಬಿಸಿಕೊಂಡು ಸ್ಕ್ಯಾನ್: ಬಲ ಮೂತ್ರಪಿಂಡ ಬಾತಿತ್ತು, ಮೂತ್ರನಾಳದ ಕೊನೆಯಲ್ಲಿ 5 ಮಿಲಿಮೀಟರ್ ಕಲ್ಲು.

ನೀರು, ಮಾತ್ರೆಗಳಿಂದಲೇ ಹತ್ತು ದಿನದೊಳಗೆ ಕಲ್ಲು ಬಿತ್ತು. ಮಾವನವರು ಅದನ್ನು ಬೆಂಕಿಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು, ಹುಬ್ಬಳ್ಳಿಯ ಗೆಳೆಯರಿಗೆ ತೋರಿಸಬೇಕಂತೆ. ಯಾವ ಬಗೆಯ ಕಲ್ಲೆಂದು ತಿಳಿಯಲು ಲ್ಯಾಬಿಗೆ ಕೊಡಬೇಕು ಎಂದು ಮೊಮ್ಮಗ ಅರ್ಧ ಗಂಟೆ ಕೂತು ಹೇಳಿದ, ಪೂರ್ತಿ ಹುಬ್ಬಳ್ಳಿ ಮಾತಿನಲ್ಲಿ. ಪೆಟ್ಟಿಗೆ ಕೊಡುತ್ತ ಅಜ್ಜ ಕೇಳಿದರು: "ತಿರುಗಿ ಕೊಡ್ತಾರೇನ?"