ಒಂದೇ ಹಾಡು, ಹಲವು ತಟ್ಟೆಗಳು

ಬೀದರಿನ ಬಿದರಿ ಕುಶಲಕರ್ಮಿಯು ಸತು ಮತ್ತು ತಾಮ್ರಗಳ ಮಿಶ್ರಲೋಹದ ಹೂಜಿಯ ಮೇಲೆ ಬೆಳ್ಳಿಯ ಎಳೆಗಳನ್ನು ಕೂರಿಸಿ, ಅರದಿಂದ ಉಜ್ಜಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಅದಕ್ಕೆ ಹಚ್ಚುತ್ತಾನೆ. ಲೋಹವು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹಿನ್ನೆಲೆ ಕಪ್ಪಾದಷ್ಟೂ ಚಿತ್ತಾರ ಎದ್ದು ಕಾಣುವುದು. ಹಳೆಯ ಧ್ವನಿಮುದ್ರಿಕೆಯನ್ನು ಶುದ್ಧಗೊಳಿಸಿ ಮತ್ತೆ ಹೊರತರುವ ವಿದ್ಯೆಯೂ ಇಂಥದೇ. ಗದ್ದಲ ಅಡಗಿದಷ್ಟೂ ಹಾಡು ನಿಚ್ಚಳವಾಗುತ್ತದೆ. ಇದಕ್ಕೆ ‘ರೀಮಾಸ್ಟರಿಂಗ್’ ಎಂದು ಹೆಸರು.

ಭಾಲ್ಕಿಯ ಸಂಗೀತಪ್ರಿಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಪಂಡಿತ ಭೀಮಸೇನ ಜೋಶಿಯವರ ಗಾಯನವೆಂದರೆ ಅವರಿಗೆ ಪ್ರಾಣ. ಒಂದೇ ರಾಗದ ಅದೇ ಗಾಯನವನ್ನು ಅವರು ಮೊದಲು ಎಲ್‌.ಪಿ. ತಟ್ಟೆಯಾಗಿ ಕೊಂಡರು, ಬಳಿಕ ಕ್ಯಾಸೆಟ್ಟಾಗಿ, ಆಮೇಲೆ ಸಿ.ಡಿ.ಯಾಗಿ ಕೊಂಡರು. ಈಗ ಸಂಸ್ಕರಿಸಿದ ಹೊಸ ಮುದ್ರಿಕೆಯ ಮೇಲೆ ಅವರ ಕಣ್ಣು. “ಅದೇ ಹಾಡಿಗೆ ಎಷ್ಟು ಸಲ ರೊಕ್ಕ ಕೊಡುವುದು?” ಎಂದು ಮನೆಯವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ.

ಇದಕ್ಕೆ ಉತ್ತರ ಯಂತ್ರಗಳ ಚರಿತ್ರೆಯಲ್ಲಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಮುದ್ರಣಗೊಂಡ ಕಾಲದ ತಟ್ಟೆಗಳಲ್ಲಿ ಅರಗೇ ಮುಖ್ಯ ದ್ರವ್ಯ. ಅಂಥ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳ ಹಾಡಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಬಂದ ಎಲ್‌.ಪಿ.ಯ ಒಂದು ಬದಿ ಇಪ್ಪತ್ತು ನಿಮಿಷಗಳನ್ನೂ ಮೀರಿತು. 1963ರಲ್ಲಿ ಕ್ಯಾಸೆಟ್, 1982ರಲ್ಲಿ ಸಿ.ಡಿ. ಬಂದವು. ಮುಳ್ಳು ಹರಿದಾಡಿ ತಟ್ಟೆ ಸವೆಯಿತು, ಟೇಪು ಜಗ್ಗಿತು, ಹಳೆಯ ಯಂತ್ರ ಮೂಲೆ ಸೇರಿತು. ಹೀಗೆ ಕೊಳ್ಳುವವರು ಮತ್ತೆ ಮತ್ತೆ ಕೊಳ್ಳಬೇಕಾಯಿತು.

ಸಂಸ್ಕರಣದಲ್ಲಿ ತಂತ್ರಜ್ಞನು ಮೂಲ ಟೇಪಿನ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುತ್ತಾನೆ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದಿರುತ್ತಾರೆ. ಬಳಿಕ ಅವನು ಚಟಪಟ ಸದ್ದನ್ನು ಅಳಿಸುತ್ತಾನೆ. ಮಂದ್ರ, ತಾರ ಧ್ವನಿಗಳನ್ನು ಹದಗೊಳಿಸುತ್ತಾನೆ. ಆದರೆ ಅರವನ್ನು ಅತಿಯಾಗಿ ಉಜ್ಜಿದರೆ ಬೆಳ್ಳಿಯೇ ಸವೆಯುವಂತೆ, ಗದ್ದಲವನ್ನು ಅತಿಯಾಗಿ ಅಳಿಸಿದರೆ ತಂಬೂರಿಯ ಸೂಕ್ಷ್ಮ ನಾದವೂ ಗಾಯಕನ ಉಸಿರೂ ಅಳಿಸಿಹೋಗುತ್ತವೆ. ಕೆಲವೊಮ್ಮೆ ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಮಟ್ಟಕ್ಕೆ ಎತ್ತಿಬಿಡುತ್ತಾರೆ. ಹೆಚ್ಚು ಜೋರಾದುದೇ ಹೆಚ್ಚು ಚೆನ್ನಾದುದೆಂದು ಕಿವಿ ಮೋಸಹೋಗುತ್ತದೆ. ಆದ್ದರಿಂದ ಹಳೆಯದನ್ನೂ ಹೊಸದನ್ನೂ ಸಮನಾದ ಧ್ವನಿಮಟ್ಟದಲ್ಲಿ ಕೇಳಿ ನೋಡಿ ಕೊಳ್ಳುವುದು ಜಾಣತನ.

ಹೊಸದು ಬಂದಿತೆಂದು ಹಳೆಯದನ್ನು ಎಸೆಯುವುದು ಮಾತ್ರ ಸಲ್ಲದು. ಮೂಲ ಮುದ್ರಿಕೆ ನಷ್ಟವಾದಾಗ ತಂತ್ರಜ್ಞರು ಮನೆಮನೆಗಳಲ್ಲಿ ಉಳಿದ ತಟ್ಟೆಗಳನ್ನೇ ಆಶ್ರಯಿಸಬೇಕಾಗುತ್ತದೆ. ಔರಾದಿನ ಯಾವುದೋ ಮನೆಯ ಅಟ್ಟದಲ್ಲಿ ಧೂಳು ಹಿಡಿದಿರುವ ತಟ್ಟೆಯೇ ಒಂದು ಕಂಠದ ಕೊನೆಯ ಕುರುಹಾಗಿರಬಹುದು. ಮುದ್ರಣದ ದಿನ ಹಿಡಿಯದೆ ಹೋದುದನ್ನು ಯಾವ ಯಂತ್ರವೂ ಮರಳಿ ತಾರದು. ಅಂದು ಹಿಡಿದುದನ್ನು ಕಳೆಯದಿರುವುದು ಮಾತ್ರ ಮನುಷ್ಯನ ಕೈಯಲ್ಲಿದೆ.